ಬಿಯರಿನ ಹೆಪ್ಪು ಕಾಯುವ ಕೆಲಸ

ನೀವೇನು ಕೆಲಸ ಮಾಡುತ್ತೀರಿ ಎಂದು ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತಿದ್ದೆ: ಹೆಪ್ಪು ಕಾಯುತ್ತೇನೆ. ಮೊಸರಿಗೆ ಹೆಪ್ಪು ಇರುವ ಹಾಗೆ ಬಿಯರಿಗೂ ಒಂದು ಹೆಪ್ಪಿದೆ, ಅದರ ಹೆಸರು ಯೀಸ್ಟ್. ಸಕಲೇಶಪುರದ ಒಂದು ಹಳೆಯ ಕಾಫಿ ಸ್ಟೋರ್‌ನಲ್ಲಿ, ಅಂದರೆ ಕಾಫಿ ಮೂಟೆ ಇಡುವ ಗೋದಾಮಿನಲ್ಲಿ, ಮನೆಯಲ್ಲೇ ಬಿಯರ್ ಮಾಡಿಕೊಳ್ಳುವ ಎಸ್ಟೇಟಿನವರಿಗಾಗಿ ಆ ಯೀಸ್ಟನ್ನು ನೀರುನೀರಾಗಿ ಬೆಳೆಸಿ, ಬಾಟಲಿಗೆ ತುಂಬಿ, ತಣ್ಣಗಿಟ್ಟು, ಬದುಕಿದೆಯೋ ಸತ್ತಿದೆಯೋ ನೋಡಿ ಕಳಿಸುವುದು ನನ್ನ ವೃತ್ತಿ. ತೊಂಬತ್ತರ ದಶಕದ ನಡುವೆ ಸೇರಿದವಳು, ಮಂಡಿ ನೋವು ಬಂದು ಸ್ಟೋರಿನ ಮೆಟ್ಟಿಲು ಹತ್ತಲಾಗದೆ ಬಿಟ್ಟೆ. ಈಗ ಇಂಥ ಲ್ಯಾಬುಗಳಿಗೆ ಸೇರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, ಮೇಡಂ ಏನಾದರೂ ಟಿಪ್ಸ್ ಕೊಡಿ ಅನ್ನುತ್ತಾರೆ. ಪುಸ್ತಕದಲ್ಲಿರುವುದನ್ನು ಪುಸ್ತಕವೇ ಹೇಳುತ್ತದೆ. ಅದರಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ, ಕೇಳುವುದಾದರೆ ಕೇಳಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಬಿಯರ್ ಕುಡಿದವಳಲ್ಲ. ಆಲೂರಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದ ಲಿಂಗಾಯತರ ಮನೆ ನಮ್ಮದು. ಕತ್ತಿನಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ ಮಗಳಿಗೆ ಬಿಯರಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ ಅಂದಾಗ ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪ ತಕ್ಕಡಿ ಹಿಡಿದುಕೊಂಡೇ ಕೇಳಿದರು.

"ಅದ್ನ ಕುಡೀಬೇಕಾ?"

"ಇಲ್ಲಪ್ಪ, ನೋಡ್ಬೇಕು ಅಷ್ಟೆ."

"ನೋಡಿದ್ರೆ ಏನಾಯ್ತದೆ? ಇಷ್ಟು ವರ್ಷದಿಂದ ಈ ಅಂಗ್ಡೀಲಿ ಬೀಡಿ ಮಾರ್ತಾ ಇವ್ನಿ, ಒಂದಿನ ಸೇದಿದೀನಾ?"

ನಮ್ಮ ಮನೆಯ ಧರ್ಮಶಾಸ್ತ್ರ ಅಷ್ಟಕ್ಕೇ ಮುಗಿಯಿತು.

ಕೆಲಸ ಕೊಟ್ಟವರು ಉದಯಶಂಕರ್. ಹಾನುಬಾಳಿನ ಹತ್ತಿರದ ಒಂದು ಕಾಫಿ ಎಸ್ಟೇಟಿನ ಕಿರಿಯ ಮಗ. ಹೊರದೇಶದ ಒಂದು ಸಣ್ಣ ಬಿಯರ್ ಕಾರ್ಖಾನೆಯಲ್ಲಿ ಕೆಲವು ವರ್ಷ ದುಡಿದು, ಅಲ್ಲಿನ ಯೀಸ್ಟಿನ ತಳಿಯೊಂದನ್ನು ಗಾಜಿನ ನಳಿಕೆಯಲ್ಲಿ ಎದೆಗವಚಿಕೊಂಡು ತಂದಿದ್ದರು. ಅವರು ಬಂದ ಮೇಲೆ ಆ ಕಾರ್ಖಾನೆ ಮುಚ್ಚಿಹೋಯಿತಂತೆ. "ಈ ತಳಿ ಈಗ ಪ್ರಪಂಚದಲ್ಲಿ ಇರೋದು ನಮ್ಮ ಫ್ರಿಜ್‌ನಲ್ಲಿ ಮಾತ್ರ ಕಣ್ರೀ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಕೋಪಿಷ್ಠ. ಬಾಗಿಲು ತೆರೆದಿಟ್ಟರೆ ಕೂಗು, ಬಳೆ ಹಾಕಿಕೊಂಡು ಬಂದರೆ ಕೂಗು, ಕೆಮ್ಮಿದರೆ ಕೂಗು. ಆದರೆ ಕೂಗಿದ್ದನ್ನು ಹತ್ತು ನಿಮಿಷದಲ್ಲಿ ಮರೆತು ಕಾಫಿ ತರಿಸುತ್ತಿದ್ದರು.

ಸಂದರ್ಶನದಲ್ಲಿ ನನ್ನ ಅಂಕಪಟ್ಟಿಯನ್ನು ಅವರು ಮಡಿಚಿ ಪಕ್ಕಕ್ಕಿಟ್ಟರು. ಕಣ್ಣು ಮುಚ್ಚಿಸಿ ಮೂರು ಬಾಟಲಿ ಮೂಸಲು ಕೊಟ್ಟರು. ಮೊದಲನೆಯದು ಆಗತಾನೆ ಕೊಯ್ದ ಬ್ರೆಡ್ಡಿನ ವಾಸನೆ ಅಂದೆ. ಎರಡನೆಯದು ಹುಳಿ ಬಂದ ದೋಸೆಹಿಟ್ಟು. ಮೂರನೆಯದು ಒಣಗದೆ ಮೂಲೆಯಲ್ಲಿ ಬಿದ್ದ ಸಾಕ್ಸು.

"ಸಾಕ್ಸನ್ನ ಏನು ಮಾಡ್ತೀರಿ?"

"ಚೆಲ್ತೀನಿ ಸಾರ್."

"ಟೆಸ್ಟ್ ಮಾಡಲ್ವ?"

"ಸಾಕ್ಸು ಅಂತ ಗೊತ್ತಾದ ಮೇಲೆ ಯಾಕೆ ಸಾರ್ ಟೆಸ್ಟ್?"

ಸೋಮವಾರದಿಂದ ಬನ್ನಿ ಅಂದರು. ಈಗಿನವರು ಮೂಗಿಗಿಂತ ಯಂತ್ರವನ್ನು ನಂಬುತ್ತಾರೆ. ಯಂತ್ರ ಬೇಕು, ನಾನೂ ಬಳಸಿದ್ದೇನೆ. ಆದರೆ ಮೂಗಿಗೆ ಕರೆಂಟು ಬೇಡ ಎಂಬುದು ನೆನಪಿರಲಿ. ನಮ್ಮ ಕಡೆ ಆಗ ಕರೆಂಟು ಇದ್ದದ್ದಕ್ಕಿಂತ ಹೋದದ್ದೇ ಹೆಚ್ಚು.

ಮೊದಲ ವರ್ಷಗಳಲ್ಲಿ ಗಾಜಿನ ಸಾಮಾನಿನ ಕ್ರಿಮಿ ಸಾಯಿಸಲು ನಮ್ಮಲ್ಲಿದ್ದದ್ದು ಮದುವೆ ಮನೆಯ ಅಳತೆಯ ಒಂದು ಪ್ರೆಶರ್ ಕುಕ್ಕರ್. ಅದರಿಂದ ನಾನು ಕಲಿತ ಮೊದಲ ಪಾಠ, ಮಡಿ ಬೇರೆ, ಶುದ್ಧಿ ಬೇರೆ ಎನ್ನುವುದು. ನಮ್ಮ ಮನೆಯಲ್ಲಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ ಪಾತ್ರೆಯಲ್ಲಿ ಮುಖ ಕಾಣುತ್ತಿತ್ತು. ಹಾಗೆ ತಿಕ್ಕಿ ತೊಳೆದ ಬಾಟಲಿಗೆ ನಾನು ತುಂಬಿದ ಯೀಸ್ಟು ಎರಡೇ ವಾರಕ್ಕೆ ವಿನೆಗರ್ ಆಯಿತು. ಕಣ್ಣಿಗೆ ಹೊಳೆದದ್ದು ಯೀಸ್ಟಿಗೆ ಹೊಳೆಯುವುದಿಲ್ಲ. ಕುಕ್ಕರಿನ ಹಬೆ ತಿಂದ ಬಾಟಲಿ ಮಂಕಾಗಿ ಕಂಡರೂ ಅದೇ ಶುದ್ಧ.

ಬದುಕಿದೆಯೋ ಸತ್ತಿದೆಯೋ ಎಂದು ನೋಡುವುದು ಚಂದದ ಕೆಲಸ. ಒಂದು ಹನಿ ಯೀಸ್ಟಿಗೆ ಒಂದು ಹನಿ ನೀಲಿ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದ ಕೆಳಗಿಡಬೇಕು. ಬದುಕಿರುವ ಕೋಶ ಒಳಗೆ ಬಂದ ಬಣ್ಣವನ್ನು ಕರಗಿಸಿ ಬಿಳಿಯಾಗಿಯೇ ಉಳಿಯುತ್ತದೆ. ಸತ್ತದ್ದು ನೀಲಿ ಕುಡಿದು ಸುಮ್ಮನೆ ಕೂತಿರುತ್ತದೆ. ಮನುಷ್ಯರಿಗೂ ಇಂಥದೊಂದು ಬಣ್ಣ ಇದ್ದಿದ್ದರೆ ಎಷ್ಟೋ ಮೀಟಿಂಗುಗಳು ಬೇಗ ಮುಗಿಯುತ್ತಿದ್ದವು. ಆದರೆ ಈ ಬಣ್ಣ ಜೀವ ಇದೆ ಎಂದಷ್ಟೇ ಹೇಳುತ್ತದೆ. ಯಾರ ಜೀವ ಎಂದು ಹೇಳುವುದಿಲ್ಲ. ಇದು ಯಾಕೆ ಮುಖ್ಯ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಬಾಟಲಿ ಕೈಗೆ ಬಂದಾಗ ಮೊದಲು ತಳ ನೋಡಿ. ಕೆನೆಬಣ್ಣದ ಗಷ್ಟು ಕೂತಿದ್ದರೆ ಒಳ್ಳೆಯದು, ಕಂದು ತಿರುಗಿದ್ದರೆ ವಯಸ್ಸಾಗಿದೆ. ಆಮೇಲೆ ಮೂಸಿ. ಆಮೇಲೂ ಅನುಮಾನ ಇದ್ದರೆ ಎಬ್ಬಿಸಿ ನೋಡಿ. ಕಾಯಿಸಿ ಆರಿಸಿದ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ತಿಳಿಗೆ ಒಂದಿಷ್ಟು ಹಾಕಿ ಬೆಚ್ಚಗಿಟ್ಟರೆ ಮರುದಿನಕ್ಕೆ ನೊರೆ ಏಳಬೇಕು. ಏಳದಿದ್ದರೆ ಆ ಬಾಟಲಿಯ ಆಸೆ ಬಿಡಿ. ಇಷ್ಟನ್ನು ನಾನು ಎಸ್ಟೇಟಿನವರಿಗೂ ಹೇಳುತ್ತಿದ್ದೆ. ಹೇಳಿದ್ದು ಒಂದು, ಅವರು ಮಾಡಿದ್ದು ಇನ್ನೊಂದು.

ಯಸಳೂರಿನ ಕಡೆಯ ಒಬ್ಬ ಸಾಹುಕಾರರು ಲ್ಯಾಬಿಗೇ ಬಂದು ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದರು.

"ಏನ್ರೀ ಇದು, ಸತ್ತಿರೋದನ್ನ ಕೊಡ್ತೀರಲ್ಲ? ನೊರೇನೇ ಬರ್ನಿಲ್ಲ."

"ಎಲ್ಲಿ ಇಟ್ಟಿದ್ರಿ?"

"ನೀವೇ ಹೇಳಿದ್ರಲ್ಲ ತಣ್ಣಗಿರ್ಬೇಕು ಅಂತ. ಐಸ್ ಮಾಡೋ ಖಾನೇಲಿ ಇಟ್ಟಿದ್ದೆ. ಕಲ್ಲಾಗಿತ್ತು. ಬಿಸಿನೀರಲ್ಲಿಟ್ಟು ಕರಗಿಸ್ದೆ."

ಹೆಪ್ಪುಗಟ್ಟಿದ ನೀರಿನ ಚೂರು ಕೋಶವನ್ನು ಒಳಗಿನಿಂದಲೇ ಸೀಳುತ್ತದೆ. ಅದೂ ಸಾಲದು ಎಂದು ಬಿಸಿನೀರು. ಹಾಲನ್ನು ಐಸ್ ಮಾಡಿ ಹೆಪ್ಪು ಹಾಕುತ್ತೀರಾ ಸಾರ್ ಎಂದು ಕೇಳಿದೆ. ಹೆಂಡತೀನ ಕೇಳ್ಬೇಕು ಅಂದರು. ಅಂದಿನಿಂದ ಬಾಟಲಿಯ ಮೇಲೆ ಅಂಟಿಸುವ ಚೀಟಿಯಲ್ಲಿ "ಮೊಸರು ಇಡುವ ಜಾಗದಲ್ಲಿ ಇಡಿ" ಎಂದು ಬರೆಸಿದೆ. ಉದಯಶಂಕರ್‌ಗೆ ಅದು ವಿಜ್ಞಾನದಂತೆ ಕಾಣಲಿಲ್ಲ. ಆದರೆ ದೂರುಗಳು ನಿಂತವು.

ನನ್ನ ಎಡವಟ್ಟೂ ಇದೆ. ಯೀಸ್ಟು ತಣ್ಣಗಿದ್ದರೂ ಉಸಿರಾಡುತ್ತದೆ, ಬೆಚ್ಚಗಾದರೆ ಉಬ್ಬಸ ಬಂದವರ ಹಾಗೆ ಉಸಿರಾಡುತ್ತದೆ. ಒಂದು ಬೇಸಿಗೆಯಲ್ಲಿ ಮುಚ್ಚಳ ಬಿಗಿಯಾಗಿ ತಿರುಗಿಸಿ ಹಾನುಬಾಳಿನ ಬಸ್ಸಿಗೆ ಒಂದು ಪೆಟ್ಟಿಗೆ ಹಾಕಿಸಿದೆ. ಪೆಟ್ಟಿಗೆ ಇದ್ದದ್ದು ಇಂಜಿನ್ನಿನ ಪಕ್ಕ. ಅದರ ಪಕ್ಕದ ಸೀಟಿನಲ್ಲಿ ಹೆಣ್ಣು ನೋಡಲು ಹೊರಟ ಗಂಡು, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ. ಮುಚ್ಚಳ ಹಾರಿದ ಮೇಲೆ ಆ ಅಂಗಿಗೆ ಏನಾಯಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣಿನ ಮನೆಯವರು ಹುಡುಗ ಕುಡಿದು ಬಂದಿದ್ದಾನೆ ಅಂದರಂತೆ. ಕಂಡಕ್ಟರು ಸಾಕ್ಷಿ ಹೇಳಿ ಆ ಸಂಬಂಧ ಉಳಿಸಿದ. ಮದುವೆಗೆ ನನ್ನನ್ನೂ ಕರೆದಿದ್ದರು, ಹೋಗಿ ಬಂದೆ.

ಒಮ್ಮೆ ಅಬಕಾರಿಯವರೂ ಬಂದರು. ಬಿಯರಿನ ವಾಸನೆ ಬರುತ್ತಿದೆ, ಬಿಯರ್ ಎಲ್ಲಿ ಎಂದು ಹುಡುಕಿದರು. ಇಲ್ಲಿ ಹೆಪ್ಪು ಮಾತ್ರ, ಬಿಯರ್ ಮಾಡುವವರ ಪರವಾನಗಿ ಅವರವರಿಗೆ ಬಿಟ್ಟದ್ದು ಎಂದೆ. ಅಧಿಕಾರಿ ನಮ್ಮ ಕಾಗದಗಳನ್ನೆಲ್ಲ ಸರಿಯಾಗಿಯೇ ನೋಡಿದರು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವರು ತೆಗೆಯಲೇ ಇಲ್ಲ. ಒಂದು ಕೋಶದ ಬೆನ್ನಿನಿಂದ ಮರಿ ಕೋಶ ಮೊಗ್ಗಿನಂತೆ ಹೊರಡುತ್ತಿತ್ತು. ಜೀಪಿನಲ್ಲಿದ್ದ ಪೇದೆಗಳನ್ನೂ ಕರೆದು ತೋರಿಸಿ, ಕಾಫಿ ಕುಡಿದು ಹೋದರು.

ಈಗ ಪುಟ್ಟಸ್ವಾಮಿಯ ವಿಷಯಕ್ಕೆ ಬರಬೇಕು. ಲ್ಯಾಬಿನಲ್ಲಿ ನಾವು ಇದ್ದದ್ದೇ ಮೂವರು: ಉದಯಶಂಕರ್, ನಾನು, ಪುಟ್ಟಸ್ವಾಮಿ. ಐವತ್ತು ದಾಟಿದ ಮನುಷ್ಯ. ಜೀಪಿನಲ್ಲಿ ಐಸ್ ಪೆಟ್ಟಿಗೆ ಇಟ್ಟುಕೊಂಡು ಯಸಳೂರು, ಹಾನುಬಾಳು, ದೋಣಿಗಲ್ ಸುತ್ತಿ ಬಾಟಲಿ ಕೊಟ್ಟು ಬರುವುದು ಅವನ ಕೆಲಸ. ಪ್ರತಿ ಮನೆಯವರೂ ತಾವು ಮಾಡಿದ ಬಿಯರ್ ಒಂದು ಬಾಟಲಿ ಕೊಡುತ್ತಿದ್ದರು. ಅದನ್ನು ಸಂಜೆ ಮನೆಯಲ್ಲಿ ಕೂತು ಕುಡಿದು, ಯಾರದು ಹುಳಿ, ಯಾರದು ಸಪ್ಪೆ ಎಂದು ಬೆಳಿಗ್ಗೆ ನನಗೆ ವರದಿ ಒಪ್ಪಿಸುತ್ತಿದ್ದ. ನಾನು ಕುಡಿಯದ ಬಿಯರನ್ನೆಲ್ಲ ನನ್ನ ಪರವಾಗಿ ಕುಡಿದವನು ಅವನು. ಅವನ ನಾಲಗೆ ಮತ್ತು ನನ್ನ ಮೂಗು ಸೇರಿದರೆ ಒಬ್ಬ ಪೂರ್ತಿ ಮನುಷ್ಯ ಆಗುತ್ತಿತ್ತು. ಅವನು ನನ್ನನ್ನು ಅಕ್ಕ ಅನ್ನುತ್ತಿದ್ದ, ನನಗಿಂತ ಅಷ್ಟು ದೊಡ್ಡವನಾಗಿದ್ದರೂ.

ಎರಡು ಸಾವಿರ ಇಸವಿ ದಾಟಿದ ಮೇಲಿನ ಒಂದು ಆಯುಧಪೂಜೆ. ಉದಯಶಂಕರ್ ಬೆಂಗಳೂರಿಗೆ ಹೋಗಿದ್ದರು, ನಾನು ಹಬ್ಬಕ್ಕೆ ಆಲೂರಿಗೆ ಹೋಗಿದ್ದೆ. ಜೀಪಿಗೆ ಪೂಜೆ ಮಾಡಲಿ ಎಂದು ಜೀಪಿನ, ಲ್ಯಾಬಿನ ಬೀಗದ ಕೈ ಪುಟ್ಟಸ್ವಾಮಿಯ ಹತ್ತಿರ ಇತ್ತು. ಅವನು ಜೀಪು ತೊಳೆದು ಬಾಳೆಕಂದು ಕಟ್ಟಿದ. ಆಮೇಲೆ ಅವನಿಗೆ ಅನ್ನಿಸಿತಂತೆ, ಜೀಪು ಬರೀ ಹೊರುತ್ತದೆ, ನಮಗೆಲ್ಲ ಅನ್ನ ಹಾಕುವುದು ಒಳಗಿರುವ ಫ್ರಿಜ್ಜು ಅಲ್ಲವೆ ಎಂದು.

ನಮ್ಮಲ್ಲಿ ಪೂಜೆಗಿಟ್ಟ ಆಯುಧವನ್ನು ಮುಟ್ಟುವುದಿಲ್ಲ. ಕತ್ತಿ, ಗುದ್ದಲಿ, ಕಾಫಿ ಹಣ್ಣು ಸುಲಿಯುವ ಯಂತ್ರ, ಎಲ್ಲಕ್ಕೂ ಅವತ್ತು ವಿಶ್ರಾಂತಿ. ವರ್ಷವಿಡೀ ದುಡಿದದ್ದಕ್ಕೆ ನಾವು ಕೊಡುವ ಮರ್ಯಾದೆ ಅದು. ಪುಟ್ಟಸ್ವಾಮಿ ಫ್ರಿಜ್ಜಿಗೂ ಆ ಮರ್ಯಾದೆ ಕೊಟ್ಟ. ಪ್ಲಗ್ಗು ಕಿತ್ತ. ಬಾಗಿಲು ತೆರೆದು ಒಳಗಿನ ಅಂತಸ್ತಿನಲ್ಲಿ ಬಾಳೆಹಣ್ಣು, ಸೇವಂತಿಗೆ ಇಟ್ಟ. ಮೂಲ ತಳಿಯನ್ನು ಕಾಪಾಡಿಟ್ಟಿದ್ದ ನಳಿಕೆಗಳ ಬಾಯಿಗೆ ತುರುಕಿದ್ದ ಹತ್ತಿಗೆಲ್ಲ ಒಂದೂ ಬಿಡದೆ ಕಲಸಿದ ಅರಿಸಿನ ಕುಂಕುಮ ಹಚ್ಚಿದ. ಕೈಮುಗಿದು ಬಾಗಿಲು ಮುಚ್ಚಿ ಮನೆಗೆ ಹೋದ.

ಹಬ್ಬದ ರಜೆಯೆಲ್ಲ ಮುಗಿಸಿ ಬಂದು ಫ್ರಿಜ್ಜಿನ ಬಾಗಿಲು ತೆರೆದವಳು ನಾನು. ವಾಸನೆಯಲ್ಲೇ ಎಲ್ಲ ಗೊತ್ತಾಯಿತು. ಮಾರಾಟದ ಬಾಟಲಿಗಳು ಉಬ್ಬಿ ಮುಚ್ಚಳ ಹಾರಿಸಿದ್ದವು. ತಾಯಿ ತಳಿ ಇದ್ದ ನಳಿಕೆಗಳ ಹತ್ತಿಯ ಮೇಲೆ ಹಸಿರು ಕಪ್ಪು ಬೂಷ್ಟು. ಒಣಗಿದ ಹತ್ತಿ ಕ್ರಿಮಿ ತಡೆಯುತ್ತದೆ, ಒದ್ದೆ ಹತ್ತಿ ಕರೆದು ಒಳಗೆ ಬಿಡುತ್ತದೆ. ಬೂಷ್ಟನ್ನು ಬೇರೆ ಮಾಡಬಹುದಿತ್ತು, ಅದು ಕಣ್ಣಿಗೆ ಕಾಣುತ್ತದೆ. ಆದರೆ ಹೂವು ಹಣ್ಣಿನ ಮೇಲೆ ಕಾಡು ಯೀಸ್ಟುಗಳಿರುತ್ತವೆ. ಅವೂ ಒಳಗೆ ಇಳಿದಿದ್ದವು. ಸೂಕ್ಷ್ಮದರ್ಶಕದಲ್ಲಿ ಅವೂ ದುಂಡಗೆ, ನಮ್ಮದೂ ದುಂಡಗೆ. ನೀಲಿ ಬಣ್ಣಕ್ಕೆ ಎರಡೂ ಬಿಳಿ. ಬೇರ್ಪಡಿಸಿ ಬೆಳೆಸಿದ್ದೆಲ್ಲ ಮೂಗಿಗೆ ಕೊಳೆತ ಹಣ್ಣು ಅನ್ನಿಸಿತು. ಯಾವುದು ಮನೆ ಮಗಳು, ಯಾವುದು ದಾರಿಹೋಕರದು ಎಂದು ಹೇಳುವ ದಾರಿ ನಮ್ಮಲ್ಲಿ ಇರಲಿಲ್ಲ.

ಉದಯಶಂಕರ್ ಬಂದು ನೋಡಿದರು. ಅವತ್ತು ಅವರು ಕೂಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

"ಯಾರು ಮಾಡಿದ್ದು?"

"ನಾನೇ ಸಾರ್" ಅಂದ ಪುಟ್ಟಸ್ವಾಮಿ. "ಒಳ್ಳೇದಾಗ್ಲಿ ಅಂತ ಪೂಜೆ ಮಾಡ್ಬುಟ್ಟೆ."

"ಜೀಪಿನ ಕೀ ಇಟ್ಟು ಹೋಗು."

ಅವನು ಕೀ ಇಟ್ಟ. ಮೆಟ್ಟಿಲಿಳಿದು ಹೋದ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ ಸಾರ್ ಎಂದು ಕೇಳಿಯೇಬಿಟ್ಟೆ.

"ಸಿಟ್ಟಲ್ಲ ಸರ್ವಮಂಗಳ. ಹೆಪ್ಪೇ ಇಲ್ಲ, ಅವನು ಏನು ಹೊತ್ಕೊಂಡು ಹೋಗ್ತಾನೆ? ನೀವೇನು ಕಾಯ್ತೀರಿ? ಆ ತಳಿ ಎಲ್ಲಾದರೂ ಸಿಕ್ಕಿದರೆ ಲ್ಯಾಬೂ ಇರ್ತದೆ, ಅವನೂ ಇರ್ತಾನೆ. ಇಲ್ಲದಿದ್ದರೆ ಈ ಸ್ಟೋರು ನಮ್ಮಣ್ಣನ ಕಾಫಿ ಮೂಟೆಗೆ."

ಮನೆಯಲ್ಲಿ ಹೆಪ್ಪು ಕೆಟ್ಟರೆ ನಾವೇನು ಮಾಡುತ್ತೇವೆ? ಹಿಂದೆ ನಮ್ಮಿಂದ ಹೆಪ್ಪು ಒಯ್ದ ಪಕ್ಕದ ಮನೆಗೆ ಹೋಗಿ ಕೇಳುತ್ತೇವೆ. ನಮ್ಮ ಹೆಪ್ಪೇ ಅಲ್ಲಿ ಬದುಕಿರುತ್ತದೆ. ಇದು ಹೊಳೆದ ಕೂಡಲೆ ಬಾಟಲಿ ಕೊಳ್ಳುತ್ತಿದ್ದ ಎಲ್ಲ ಎಸ್ಟೇಟುಗಳಿಗೂ ಫೋನ್ ಹಚ್ಚಿದೆ. ಹಬ್ಬಕ್ಕೆಂದು ಮಾಡಿದ ಬಿಯರೆಲ್ಲ ಹಬ್ಬದಲ್ಲೇ ಮುಗಿದಿತ್ತು, ತಳದ ಗಷ್ಟು ಚೆಲ್ಲಿಯಾಗಿತ್ತು. "ನೀವೇ ಹೇಳಿದ್ರಲ್ಲ ಮೇಡಂ, ಒಂದೇ ಸಲ ಬಳಸಿ ಚೆಲ್ಲಿಬಿಡಿ, ಹೊಸದು ತಗೊಳ್ಳಿ ಅಂತ" ಎಂದು ಒಬ್ಬರಾದ ಮೇಲೆ ಒಬ್ಬರು ನನಗೇ ನನ್ನ ಪಾಠ ಒಪ್ಪಿಸಿದರು. ಒಬ್ಬರ ಬಳಿ ಬೇಸಿಗೆಯಿಂದ ಮರೆತ ಒಂದು ಬಾಟಲಿ ಇತ್ತು. ತರಿಸಿ ನೋಡಿದರೆ ತಳ ಕಂದು, ಬಣ್ಣ ಹಾಕಿದರೆ ಕಂಡದ್ದೆಲ್ಲ ನೀಲಿ.

ಕೊನೆಗೆ ಹಾನುಬಾಳಿನಲ್ಲಿದ್ದ ಪುಟ್ಟಸ್ವಾಮಿಯ ಮನೆಗೆ ಹೋದೆ. ಅವನು ಜಗಲಿಯ ಮೇಲೆ ಕೂತು ಚಾಪೆಯ ಅಂಚು ಹೆಣೆಯುತ್ತಿದ್ದ. ನನ್ನನ್ನು ನೋಡಿಯೂ ನೋಡದವನಂತೆ ಇದ್ದ.

"ಎಲ್ಲ ಕಡೆ ಕೇಳ್ದೆ ಪುಟ್ಟಸ್ವಾಮಿ. ಎಲ್ರೂ ಚೆಲ್ಲಿದಾರೆ."

"ನನ್ ಕೈಯಾರ ಸಾಯ್ಸ್ಬುಟ್ನಲ್ಲಕ್ಕ" ಅಂದ. ಆಮೇಲೆ ಕೈ ನಿಲ್ಲಿಸಿದ. "ದೋಣಿಗಲ್ ಗೌರಮ್ಮೋರ ಮನೇಲಿ ಕೇಳಿದ್ರಾ?"

"ಅವರು ತಗೊಳ್ಳೋದು ಬಿಟ್ಟು ವರ್ಷದ ಮೇಲಾಯ್ತಲ್ಲ."

"ಬಾಟ್ಲಿ ತಗೊಳ್ಳೋದು ಬಿಟ್ಟವ್ರೆ. ಬಿಯರ್ ಮಾಡೋದು ಬಿಟ್ಟಿಲ್ಲ ಕಣಕ್ಕ. ಹೋದ್ ತಿಂಗ್ಳು ಅವ್ರ ಯಜಮಾನ್ರು ರೋಡಲ್ಲಿ ನಿಲ್ಸಿ ಒಂದು ಬಾಟ್ಲಿ ಕೊಟ್ರು. ಕುಡಿದೆ, ಚೆನ್ನಾಗಿತ್ತು. ಹೆಪ್ಪಿಲ್ದೆ ಹಾಲು ಮೊಸರಾಯ್ತದಾ?"

ಚಾಪೆಯನ್ನು ಕೆಳಗಿಡಿಸಿ ಅವನನ್ನು ಎಬ್ಬಿಸಿದೆ. ಸಕಲೇಶಪುರಕ್ಕೆ ಬಂದು ಘಾಟಿಯ ಬಸ್ಸು ಹಿಡಿದೆವು. ದಾರಿಯಲ್ಲಿ ಲಾರಿಯೊಂದು ಅಡ್ಡ ನಿಂತು, ದೋಣಿಗಲ್‌ನಲ್ಲಿ ಇಳಿದು ಎಸ್ಟೇಟು ಮುಟ್ಟುವ ಹೊತ್ತಿಗೆ ಮುಸ್ಸಂಜೆ. ಗೌರಮ್ಮ ತೋಟದ ಒಡತಿ, ಗಟ್ಟಿ ಗಂಟಲಿನ ಹೆಂಗಸು. ಬಿಯರಿನ ಹುಚ್ಚು ಅವರ ಯಜಮಾನರದು, ಅಡಿಗೆಮನೆಯ ಅಧಿಕಾರ ಅವರದು. ಹುಣಸೆ ಬೀಜವನ್ನೂ ಲೆಕ್ಕ ಇಡುವವರು ಎಂದು ಸುತ್ತಮುತ್ತ ಹೆಸರು. ವಿಷಯ ಕೇಳಿದ ಕೂಡಲೆ ಮುಖ ಬಿಗಿದರು.

"ನಮ್ಮನೇಲಿ ಅಂಥದ್ದೆಲ್ಲ ಎಲ್ಲೈತೆ? ನೀವು ಚೆಲ್ಲಿ ಅಂದ್ರಿ, ಚೆಲ್ಲಿದ್ವಿ."

ಚೆಲ್ಲಬೇಕೆಂದು ಇದೇ ಹೆಂಗಸಿಗೆ ನಾನು ಹಿಂದೊಮ್ಮೆ ಫೋನಿನಲ್ಲಿ ಭಾಷಣ ಬಿಗಿದಿದ್ದೆ. ಈಗ ಅದನ್ನೇ ಇಟ್ಟುಕೊಂಡು ನನ್ನನ್ನು ಹೊರಗೆ ನಿಲ್ಲಿಸಿದ್ದರು.

"ಗೌರಮ್ಮೋರೆ, ನಾನು ಪಾಠ ಹೇಳೋಕೆ ಬಂದಿಲ್ಲ. ನಮ್ಮನೆ ಹೆಪ್ಪು ಕೆಟ್ಟೋಗಿದೆ, ಕೇಳೋಕೆ ಬಂದಿದೀನಿ. ಇಲ್ಲ ಅಂದ್ರೆ ಇವನ ಕೆಲಸ ಹೋಯ್ತು. ನಂದೂ ಅಷ್ಟೆ."

ಅವರು ಪುಟ್ಟಸ್ವಾಮಿಯನ್ನು ನೋಡಿದರು. ಅವನು ಅಂಗಳದಲ್ಲೇ ನಿಂತಿದ್ದ, ಮೆಟ್ಟಿಲು ಹತ್ತಿರಲಿಲ್ಲ. ನಡೆದದ್ದನ್ನೆಲ್ಲ ನಾನು ಹೇಳಿದೆ. ಗೌರಮ್ಮ ಕೇಳಿ, ತಲೆಯಾಡಿಸಿ, "ಪೂಜೆ ಮಾಡಿದ್ದು ತಪ್ಪಲ್ಲ ಮಾರಾಯ, ಕರೆಂಟು ತೆಗೆದದ್ದು ತಪ್ಪು" ಎಂದು ತೀರ್ಪು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ಸ್ವಲ್ಪ ನಾಚಿಕೆಯಿಂದಲೇ ಅಂದರು:

"ಐತೆ. ಪ್ರತಿ ಸಲ ತಳದ್ದು ಒಂದಿಷ್ಟು ತೆಗೆದಿಟ್ಕೊಂತೀನಿ. ಜೀವ ಇರೋದನ್ನ ಹೆಂಗಮ್ಮ ಚೆಲ್ಲೋದು? ಅಷ್ಟು ದುಡ್ಡು ಕೊಟ್ಟು ತಂದದ್ದು ಬೇರೆ."

"ಹಂಗಾದ್ರೆ ಕೊಡಿ."

"ದೀಪ ಹಚ್ಚಾಯ್ತಲ್ಲ."

ಮುಸ್ಸಂಜೆ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಮನೆಯಿಂದ ಹೊರಗೆ ಹೋಗಬಾರದು. ನಮ್ಮಮ್ಮನೂ ಕೊಡುತ್ತಿರಲಿಲ್ಲ. ಇದು ಬಿಯರಿನದು ಕಣ್ರೀ ಎಂದು ವಾದಿಸಬಹುದಿತ್ತು. ಆದರೆ ಅದನ್ನು ಹೆಪ್ಪು ಎಂದು ಕರೆದು ಕೇಳಿದವಳೇ ನಾನು. ಊಟ ಮಾಡಿ ಅಲ್ಲೇ ಮಲಗಿದೆ. ಪುಟ್ಟಸ್ವಾಮಿ ತೋಟದ ಕೂಲಿಯವರ ಲೈನಿನಲ್ಲಿ ಪರಿಚಯದವರ ಮನೆಗೆ ಹೋದ. ಬೆಳಿಗ್ಗೆ ಗೌರಮ್ಮ ಸ್ನಾನ ಮಾಡಿ, ಬಾವಿಮನೆಯ ಒದ್ದೆ ಮರಳಿನಲ್ಲಿ ಹೂತಿಟ್ಟಿದ್ದ ಉಪ್ಪಿನಕಾಯಿ ಭರಣಿಯನ್ನು ತಂದು ನನ್ನ ಕೈಗೆ ಕೊಟ್ಟರು. ಮುಚ್ಚಳ ಸರಿಸಿ ಮೂಸಿದೆ. ಬ್ರೆಡ್ಡು. ಅದರ ಹಿಂದೆ ತೆಳುವಾಗಿ ಏನೋ ಹುಳಿ. ಹುಳಿಯನ್ನು ನಾನು ತೆಗೆಯಬಲ್ಲೆ. ಬೆಲೆ ಎಷ್ಟು ಎಂದು ಕೇಳಿದ್ದಕ್ಕೆ, ಹುಣಸೆ ಬೀಜ ಲೆಕ್ಕ ಇಡುವ ಆ ಹೆಂಗಸು, "ಹೆಪ್ಪಿಗೆ ಯಾರಾದ್ರೂ ಬೆಲೆ ಕಟ್ತಾರ? ಹೋಗಮ್ಮ" ಎಂದು ಗದರಿದರು.

ಆಮೇಲಿನ ವಾರಗಳಲ್ಲಿ ಮಾಡಿದ ಕೆಲಸ ನನ್ನ ವೃತ್ತಿಯ ಅತ್ಯುತ್ತಮ ಕೆಲಸ ಎಂದು ಧೈರ್ಯವಾಗಿ ಹೇಳುತ್ತೇನೆ. ಬಣ್ಣ ಹಾಕಿದೆ, ಬಹುಪಾಲು ಬಿಳಿ. ಯೀಸ್ಟಿಗೆ ಆಹಾರ ಹಾಕಿದ ಗಾಜಿನ ತಟ್ಟೆಯ ಮೇಲೆ ಗೆರೆ ಎಳೆದು ಬೆಳೆಸಿ, ಹುಳಿ ಕ್ರಿಮಿಗಳನ್ನು ಬಿಟ್ಟು, ಕೆನೆಯಂತೆ ಮೂಡಿದ ಚುಕ್ಕೆಗಳನ್ನು ಒಂದೊಂದಾಗಿ ಎತ್ತಿ ಬೇರೆ ಬೇರೆ ಬೆಳೆಸಿದೆ. ಮೂಸಿದೆ, ನೊರೆ ನೋಡಿದೆ, ತಳ ಕೂರುವ ರೀತಿ ನೋಡಿದೆ. ಎಲ್ಲದರಲ್ಲೂ ಗೆದ್ದ ಒಂದನ್ನು ಆರಿಸಿ ಉದಯಶಂಕರ್‌ಗೆ ಕೊಟ್ಟೆ. ಅವರೇ ಅದರಿಂದ ಸಣ್ಣ ಡಬ್ಬದಲ್ಲಿ ಬಿಯರ್ ಮಾಡಿದರು. ಇನ್ನು ಉಳಿದದ್ದು ನಾಲಗೆಯ ಕೆಲಸ, ಅಲ್ಲಿ ನನಗೆ ಪ್ರವೇಶವಿಲ್ಲ.

ರುಚಿ ನೋಡುವ ದಿನ ಮಧ್ಯಾಹ್ನ ಪುಟ್ಟಸ್ವಾಮಿಗೆ ಹೇಳಿ ಕಳಿಸಿದೆ. ಅವನು ಬಂದು ಸ್ಟೋರಿನ ಮೆಟ್ಟಿಲ ಮೇಲೆ ಕೂತ. ಒಗೆದ ಅಂಗಿ, ಬಾಚಿದ ತಲೆ. ಒಳಗೆ ಕರೆದರೂ ಬರಲಿಲ್ಲ. ಉದಯಶಂಕರ್ ಗ್ಲಾಸಿಗೆ ಬಗ್ಗಿಸಿ ಬೆಳಕಿಗೆ ಹಿಡಿದರು. ಕುಡಿದರು. ಇನ್ನೊಮ್ಮೆ ಕುಡಿದು ಬಾಯಲ್ಲೇ ಇಟ್ಟುಕೊಂಡರು. ನಾನು ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದೆ.

"ಇದು ಅದಲ್ಲ" ಅಂದರು.

ಹೊರಗೆ ಪುಟ್ಟಸ್ವಾಮಿ ಎದ್ದು ನಿಂತ ಸದ್ದು ಕೇಳಿಸಿತು.

"ಅದರ ಮಗಳಿರಬೇಕು. ಮೊಮ್ಮಗಳು. ಅದೇ ಮುಖ, ಗುಣ ಬೇರೆ. ವರ್ಷವಿಡೀ ಆ ಭರಣಿಯಲ್ಲಿ, ಆ ಮನೆಯ ಶಾಖದಲ್ಲಿ ಇದ್ದು ಬದಲಾಗಿದೆ." ಗ್ಲಾಸು ಕೆಳಗಿಟ್ಟರು. ಅವರ ಕಣ್ಣಲ್ಲಿ ನೀರಿತ್ತು. ಎದೆಗವಚಿಕೊಂಡು ತಂದದ್ದು ಹೋಯಿತು ಎಂದು ಅವರಿಗೆ ಆಗ ನಿಜವಾಗಿ ಗೊತ್ತಾಯಿತು ಅನ್ನಿಸುತ್ತದೆ.

ಆಮೇಲೆ ಬಾಗಿಲ ಕಡೆ ನೋಡಿ ಕರೆದರು. "ಪುಟ್ಟಸ್ವಾಮಿ, ಬಾ ಇಲ್ಲಿ. ಹಳೇದನ್ನ ನನಗಿಂತ ಹೆಚ್ಚು ಕುಡಿದೋನು ನೀನು. ಇದನ್ನ ಕುಡಿದು ಹೇಳು."

ಅವನು ಒಳಗೆ ಬಂದು ಎರಡೂ ಕೈಯಲ್ಲಿ ಗ್ಲಾಸು ಹಿಡಿದ. ಪೂರ್ತಿ ಕುಡಿದ. ಮೀಸೆ ಒರೆಸಿಕೊಂಡ.

"ಹೇಳಪ್ಪ."

"ಹೇಳಿದ್ರೆ ಬೇಜಾರಾಯ್ತೀರಿ ಸಾರ್."

"ಹೇಳು ಮಾರಾಯ."

"ಹಳೇದು ಕುಡಿದ್ರೆ ನಂಗೆ ಬೆಳಿಗ್ಗೆ ತಲೆ ಸಿಡೀತಿತ್ತು. ಇಷ್ಟು ವರ್ಷ ನಿಮ್ಗೆ ಹೇಳಿರ್ನಿಲ್ಲ. ಹೋದ್ ತಿಂಗ್ಳು ಗೌರಮ್ಮೋರ ಮನೇದು ಕುಡಿದಾಗ ಸಿಡೀಲಿಲ್ಲ."

ಹಬ್ಬ ಕಳೆದ ಮೇಲೆ ಉದಯಶಂಕರ್ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗುತ್ತಲೇ ಡ್ರಾಯರು ಎಳೆದು ಜೀಪಿನ ಕೀ ತೆಗೆದು ಮೇಜಿನ ಮೇಲಿಟ್ಟರು. "ಇನ್ಮೇಲೆ ನಮ್ಮ ತಳಿ ಇದೇ. ಹಾನುಬಾಳಿನವರು ದಿನಾ ಫೋನ್ ಮಾಡ್ತಿದಾರೆ. ಸರ್ವಮಂಗಳ ಬಾಟಲಿ ತುಂಬಿದಾರೆ. ತಗೊಂಡು ಹೊರಡು."

ಪುಟ್ಟಸ್ವಾಮಿ ಕೀ ಮುಟ್ಟಲಿಲ್ಲ. "ಈಗ ಕುಡಿದೀನಲ್ಲ ಸಾರ್. ಗಾಡಿ ಹೆಂಗೆ ಓಡ್ಸ್ಲಿ?" ಅಂದ. "ನಾಳೆ ಬತ್ತೀನಿ."

"ಸರಿ. ನಾಳೆ ಬೇಗ ಬಾ" ಅಂದರು ಉದಯಶಂಕರ್.